ಪಿಜಿಸಿಇ ಫೀಸ್ ಕಟ್ಟುವ ಮುಂಚೆ ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ಬನ್ನಿ

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ನೀವು ಗಣಿತದಲ್ಲಿ ಎಂ.ಎಸ್‌ಸಿ. ಮಾಡಿದ್ದೀರಿ. ಯಜಮಾನರಿಗೆ ಕೆಲಸ ಸಿಕ್ಕಿ, ಅವರ ಡಿಪೆಂಡೆಂಟ್ ಆಗಿ ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಗಿದೆ. ಬಿ.ಎಡ್. ಮಾಡಿಲ್ಲ. ಇಲ್ಲಿ ಪಿಜಿಸಿಇ (ನಮ್ಮ ಬಿ.ಎಡ್. ಥರದ ಟೀಚರ್ ತರಬೇತಿ) ಮಾಡಿ ಟೀಚರ್ ಆಗಬಹುದಾ, ಹಾಕಿದ ದುಡ್ಡು ವಾಪಸ್ ಬರುತ್ತಾ, ನನ್ನ ಇಂಗ್ಲಿಷ್ ಸಾಕಾಗುತ್ತಾ ಅಂತ ಕೇಳಿದ್ದೀರಿ. ಆಗಬಹುದು. ಆದರೆ ಈ ವರ್ಷವೇ ಫೀಸ್ ಕಟ್ಟಬೇಡಿ.

ನಾನು ಬಂದದ್ದು 2007ರಲ್ಲಿ, ನಿಮ್ಮ ಹಾಗೆಯೇ ಡಿಪೆಂಡೆಂಟ್ ಆಗಿ. ಪಿಜಿಸಿಇಗೆ ಸೇರಿದ್ದು 2013ರ ಸೆಪ್ಟೆಂಬರ್‌ನಲ್ಲಿ. ನಡುವಿನ ಆರು ವರ್ಷ ವೇಸ್ಟ್ ಆಯ್ತು ಅಂತ ಆಗ ಅತ್ತಿದ್ದೇನೆ. ಈಗ ನೋಡಿದರೆ ಅದರಲ್ಲಿ ಒಂದು ವರ್ಷ ಮಾತ್ರ ತುಂಬಾ ಉಪಯೋಗಕ್ಕೆ ಬಂತು. ಅದರ ವಿಷಯ ಆಮೇಲೆ.

ಮೊದಲು ದುಡ್ಡಿನ ಲೆಕ್ಕ. 2025-26ಕ್ಕೆ ಇಲ್ಲಿನವರಿಗೆ ಪಿಜಿಸಿಇ ಫೀಸ್ ಹೆಚ್ಚೆಂದರೆ 9,535 ಪೌಂಡ್. ಡಿಪೆಂಡೆಂಟ್ ವೀಸಾದಲ್ಲಿ ಇರುವವರನ್ನು ಸಾಮಾನ್ಯವಾಗಿ ಓವರ್‌ಸೀಸ್ ಅಂತ ಲೆಕ್ಕ ಹಾಕುತ್ತಾರೆ. ಅದು ಅನೇಕ ಕಡೆ ಸುಮಾರು ಎರಡು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಸ್ಟೂಡೆಂಟ್ ಲೋನ್ ಕೂಡ ಸಿಗುವುದಿಲ್ಲ. ಇನ್ನೊಂದು ಹೊಟ್ಟೆ ಉರಿಸುವ ವಿಷಯ ಕೇಳಿ. ಗಣಿತ ಟೀಚರ್‌ಗಳು ಸಿಗದೆ ಸರ್ಕಾರವೇ ಟ್ರೈನಿಂಗ್ ವರ್ಷಕ್ಕೆ ಬರ್ಸರಿ, ಅಂದರೆ ಸಹಾಯಧನ, ಕೊಡುತ್ತದೆ, 2025-26ಕ್ಕೆ ಗಣಿತಕ್ಕೆ 29,000 ಪೌಂಡ್, ಅದೂ ತೆರಿಗೆ ಇಲ್ಲದೆ. ಅದು ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ, ನಾವು ಪಿಆರ್ ಅನ್ನುವುದು) ಸಿಕ್ಕಿ, ಇಲ್ಲಿ ಮೂರು ವರ್ಷ ವಾಸ ಮಾಡಿದವರಂಥವರಿಗೆ. ಅಂದರೆ ಈಗ ಮಾಡಿದರೆ ಕೈಯಿಂದ ಕಟ್ಟಬೇಕು, ಪಿಆರ್ ಬಂದಮೇಲೆ ಮಾಡಿದರೆ ಅವರೇ ಕೊಡುತ್ತಾರೆ. ಈ ಅಂಕಿಗಳು ಪ್ರತಿ ವರ್ಷ ಬದಲಾಗುತ್ತವೆ, ವೀಸಾ ನಿಯಮಗಳೂ ಅಷ್ಟೇ. ಸೇರುವ ವರ್ಷ ಸರ್ಕಾರದ ವೆಬ್‌ಸೈಟಿನಲ್ಲಿ ನೀವೇ ನೋಡಿ, ನನ್ನ ಮಾತು ನಂಬಿ ಕೂರಬೇಡಿ. ಫೀಸ್ ಇಲ್ಲದೆ ಸಂಬಳ ಕೊಟ್ಟು ತರಬೇತಿ ಕೊಡುವ ದಾರಿಯೂ ಇದೆ. ಸೀಟು ಕಡಿಮೆ, ಶಾಲೆಯಲ್ಲಿ ಮೊದಲೇ ಕೆಲಸ ಮಾಡುತ್ತಿದ್ದವರಿಗೆ ಅನುಕೂಲ ಜಾಸ್ತಿ.

ಒಂದು ಎಚ್ಚರಿಕೆ. ಪಿಜಿಸಿಇ ಅನ್ನುವುದು ಯೂನಿವರ್ಸಿಟಿ ಕೊಡುವ ಸರ್ಟಿಫಿಕೇಟ್. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ನಿಜವಾಗಿ ಬೇಕಾಗಿರುವುದು ಕ್ಯೂಟಿಎಸ್, ಅಂದರೆ ಅರ್ಹ ಟೀಚರ್ ಅನ್ನುವ ಅಧಿಕೃತ ಮಾನ್ಯತೆ. ಸಾಮಾನ್ಯವಾಗಿ ಎರಡೂ ಒಟ್ಟಿಗೆ ಬರುತ್ತವೆ, ಆದರೆ ಎಲ್ಲ ಪಿಜಿಸಿಇ ಜೊತೆಗೂ ಬರುವುದಿಲ್ಲ. ಮನೆಯಲ್ಲೇ ಕೂತು ಆನ್‌ಲೈನಲ್ಲಿ ಮಾಡುವ ಇಂಟರ್‌ನ್ಯಾಷನಲ್ ಪಿಜಿಸಿಇಗಳ ಜಾಹೀರಾತು ನಿಮಗೂ ಬಂದಿರುತ್ತೆ. ಅದರಿಂದ ಕ್ಯೂಟಿಎಸ್ ಸಿಗುವುದಿಲ್ಲ. ನನಗೆ ಗೊತ್ತಿರುವ ಒಬ್ಬರು ಸಾವಿರಾರು ಪೌಂಡ್ ಕಟ್ಟಿ ಮುಗಿಸಿದ ಮೇಲೆ ಇದನ್ನು ತಿಳಿದುಕೊಂಡರು. ಕೋರ್ಸ್ ಹೆಸರಿನ ಪಕ್ಕ 'ವಿತ್ ಕ್ಯೂಟಿಎಸ್' ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಆ ಕೋರ್ಸ್ ಬಿಟ್ಟುಬಿಡಿ.

ಬಿ.ಎಡ್. ಮುಗಿಸಿಕೊಂಡೇ ಬರಬೇಕಿತ್ತಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬಂದಿದ್ದರೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. 2023ರ ಫೆಬ್ರವರಿಯಿಂದ ಭಾರತದಲ್ಲಿ ಟೀಚರ್ ತರಬೇತಿ ಪಡೆದು, ಅನುಭವವೂ ಇರುವವರು ಗಣಿತ, ವಿಜ್ಞಾನ, ಭಾಷೆಗಳಿಗೆ ನೇರವಾಗಿ ಕ್ಯೂಟಿಎಸ್‌ಗೆ ಅರ್ಜಿ ಹಾಕಬಹುದು. ಇಲ್ಲ ಅಂದಮೇಲೆ ಅದನ್ನು ನೆನೆದು ಕೊರಗಬೇಡಿ.

ಕಾಗದಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಡಿಗ್ರಿ ಇಲ್ಲಿಯ ಡಿಗ್ರಿಗೆ ಸಮ ಅಂತ ಯುಕೆ ಎನಿಕ್‌ನಿಂದ ಸರ್ಟಿಫಿಕೇಟ್ ತರಿಸಿಕೊಳ್ಳಿ. ಇಂಗ್ಲಿಷ್ ಮತ್ತು ಗಣಿತಕ್ಕೆ ಜಿಸಿಎಸ್‌ಇ (ಇಲ್ಲಿನ ಮಕ್ಕಳು ಹದಿನಾರರ ವಯಸ್ಸಿಗೆ ಬರೆಯುವ ಪರೀಕ್ಷೆ) ಗ್ರೇಡ್ 4ರ ಮಟ್ಟ ಕೇಳುತ್ತಾರೆ. ನಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಯನ್ನು ಕೆಲವರು ಒಪ್ಪುತ್ತಾರೆ, ಕೆಲವರು ಬೇರೆ ಪರೀಕ್ಷೆ ಬರೆಯಿರಿ ಅನ್ನುತ್ತಾರೆ. ಅರ್ಜಿ ಹಾಕುವ ಮುಂಚೆಯೇ ಕೇಳಿಬಿಡಿ. ಡಿಬಿಎಸ್ ಚೆಕ್ (ಅಪರಾಧದ ದಾಖಲೆ ಇದೆಯಾ ಅಂತ ಇಲ್ಲಿ ಮಾಡುವ ಪರಿಶೀಲನೆ) ಆಗಬೇಕು, ಜೊತೆಗೆ ಊರಿನಿಂದ ಪೊಲೀಸ್ ಕ್ಲಿಯರೆನ್ಸ್. ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ಅಮ್ಮನ ಬೀರುವಿನಲ್ಲಿ ಇದ್ದರೆ ಈ ಸಲ ಹೋದಾಗ ತಂದುಬಿಡಿ.

ಇನ್ನು ನಿಮ್ಮ ಇಂಗ್ಲಿಷ್. ನೀವು ಬರೆದ ಪತ್ರದಲ್ಲಿ ಇದೇ ಭಯ ಮೂರು ಸಲ ಬಂದಿದೆ. ನನ್ನದೊಂದು ಕಥೆ ಕೇಳಿ. ನನ್ನ ಮೊದಲ ಪ್ಲೇಸ್‌ಮೆಂಟ್‌ನಲ್ಲಿ, ಅಂದರೆ ಪಿಜಿಸಿಇ ತರಬೇತಿಗೆ ಕಳಿಸಿದ ಮೊದಲ ಶಾಲೆಯಲ್ಲಿ, ಇಯರ್ 8 (ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳ) ಕ್ಲಾಸಿಗೆ ಸೀಕ್ವೆನ್ಸ್ ಪಾಠ. ಎನ್-ತ್ ಟರ್ಮ್ ಕಂಡುಹಿಡಿಯುವುದು. ನಾವು ಕನ್ನಡದವರು ಎನ್ ಅಕ್ಷರವನ್ನು 'ಯೆನ್' ಅಂತಲೇ ಹೇಳುವುದು, ಅಲ್ವಾ? ನಾನು ಹತ್ತು ನಿಮಿಷ 'ಯೆನ್, ಯೆನ್' ಅಂತ ಹೇಳಿರಬೇಕು. ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿ ಕೇಳಿದಳು: "ಮಿಸ್, ಅದು ಜಪಾನಿನ ದುಡ್ಡಲ್ವಾ?" ಇಡೀ ಕ್ಲಾಸ್ ನಕ್ಕಿತು. ನನಗೆ ಕಿವಿ ಬಿಸಿಯಾಯಿತು. ಆದರೆ ಅವಳ ಮುಖ ನೋಡಿದರೆ ಕುಹಕ ಇರಲಿಲ್ಲ, ನಿಜವಾಗಿಯೂ ಗೊಂದಲ ಆಗಿತ್ತು. ನಾನೂ ನಕ್ಕು, ಬೋರ್ಡ್ ಮೇಲೆ ದೊಡ್ಡದಾಗಿ ಅಕ್ಷರ ಬರೆದೆ. ಆಮೇಲೆ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಎಲ್, ಎಂ, ಎನ್, ಎಕ್ಸ್ ಅಭ್ಯಾಸ ಮಾಡಿದೆ. ಒಂದು ವಾರದಲ್ಲಿ ಸರಿಹೋಯಿತು. ಇಂಗ್ಲಿಷ್ ತೊಂದರೆ ಅಂದರೆ ನನ್ನ ಅನುಭವದಲ್ಲಿ ಇಷ್ಟೇ. ನಿಮ್ಮ ಉಚ್ಚಾರಣೆಗೆ ಮಕ್ಕಳು ಎರಡು ವಾರದಲ್ಲಿ ಒಗ್ಗಿಕೊಳ್ಳುತ್ತಾರೆ. ಅವರ ಉಚ್ಚಾರಣೆಗೆ ನೀವು ಒಗ್ಗಿಕೊಳ್ಳಲು ಸ್ವಲ್ಪ ಜಾಸ್ತಿ ಸಮಯ ಬೇಕು.

ನಿಜವಾಗಿ ಕಷ್ಟ ಆಗಿದ್ದು ಗಣಿತ. ನಗಬೇಡಿ.

ಇಯರ್ 7, ನೆಗೆಟಿವ್ ಸಂಖ್ಯೆಗಳು. ನಾವು ಕಲಿತದ್ದು ಹೇಗೆ? ಮೈನಸ್ ಮೈನಸ್ ಪ್ಲಸ್. ನಾನೂ ಅದನ್ನೇ ಅಂದವಾಗಿ ಬೋರ್ಡಿನಲ್ಲಿ ಬರೆದೆ, ನಾಲ್ಕು ಲೆಕ್ಕ ಮಾಡಿ ತೋರಿಸಿದೆ, "ಅರ್ಥ ಆಯ್ತಾ?" ಅಂತ ಕೇಳಿದೆ. "ಯೆಸ್ ಮಿಸ್" ಅಂದರು. ಖುಷಿಯಾಯಿತು. ಹಿಂದೆ ಕೂತಿದ್ದ ಮೆಂಟರ್ (ತರಬೇತಿಯಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದ ಆ ಶಾಲೆಯ ಟೀಚರ್) ಎದ್ದು ಬಂದು ಮೆಲ್ಲಗೆ ಹೇಳಿದರು, ಮಿನಿ ವೈಟ್‌ಬೋರ್ಡ್ ಕೊಟ್ಟು −3 − 5 ಎಷ್ಟು ಅಂತ ಕೇಳಿ ನೋಡಿ. ಕೇಳಿದೆ. ಎಲ್ಲರೂ ಒಟ್ಟಿಗೆ ಬೋರ್ಡ್ ಎತ್ತಿ ಹಿಡಿದರು. ಮುಕ್ಕಾಲು ಪಾಲು ಬೋರ್ಡಿನ ಮೇಲೆ 8. ಎರಡು ಮೈನಸ್ ಇದೆ, ಹಾಗಾದರೆ ಪ್ಲಸ್! ಕೆಲವರದ್ದು −2, ಕೆಲವರದ್ದು 2. ಸರಿ ಉತ್ತರ −8 ಬರೆದವರು ಐದೋ ಆರೋ ಜನ. ನಾನು ಹೇಳಿಕೊಟ್ಟ ಸಾಲನ್ನೇ ಅವರು ಸರಿಯಾಗಿ ಪಾಲಿಸಿದ್ದರು. ತಪ್ಪು ಆ ಸಾಲಿನಲ್ಲೇ ಇತ್ತು. ಗುಣಿಸುವಾಗ ಹೇಳುವ ಮಾತನ್ನು ಕೂಡುವ ಕಳೆಯುವ ಲೆಕ್ಕಕ್ಕೂ ಹಚ್ಚಿದ್ದೆ.

ಆ ರಾತ್ರಿ ಎರಡು ಗಂಟೆ ಕೂತು ಯೋಚಿಸಿದೆ, ಮೈನಸ್ ಅಂದರೆ ಏನು ಅಂತ. ಎಂ.ಎಸ್‌ಸಿ. ಮಾಡಿದವಳು ನಾನು! ಮರುದಿನ ನೆಲದ ಮೇಲೆ ಟೇಪ್ ಅಂಟಿಸಿ ನಂಬರ್ ಲೈನ್ ಮಾಡಿ, ಒಬ್ಬ ಹುಡುಗನನ್ನು −3ರ ಮೇಲೆ ನಿಲ್ಲಿಸಿ, ಐದು ಹೆಜ್ಜೆ ಹಿಂದಕ್ಕೆ ಹೋಗು ಅಂದೆ. ಅವನು ಬಾಗಿಲಿಗೆ ಡಿಕ್ಕಿ ಹೊಡೆದ. ಆ ಕ್ಲಾಸಿನ ಮಕ್ಕಳು −8 ಮರೆಯಲಿಲ್ಲ.

ಆ ಮೆಂಟರ್ ಇನ್ನೊಂದು ಕೆಲಸ ಮಾಡಿದರು. ನನ್ನ ಸೀಟಿಂಗ್ ಪ್ಲಾನ್ ಇಟ್ಟುಕೊಂಡು, ನಾನು ಯಾರಿಗೆ ಪ್ರಶ್ನೆ ಕೇಳಿದೆನೋ ಅವರ ಹೆಸರಿನ ಮುಂದೆ ಗೀಟು ಹಾಕುತ್ತಾ ಹೋದರು. ಗಂಟೆ ಹೊಡೆದ ಮೇಲೆ ಹಾಳೆ ನನ್ನ ಕೈಗೆ ಕೊಟ್ಟರು. ಒಂದು ಮಾತೂ ಆಡಲಿಲ್ಲ. ಮುಂದಿನ ಎರಡು ಸಾಲಿನಲ್ಲಿ ಗೀಟುಗಳ ರಾಶಿ. ಹಿಂದಿನ ಎಡಮೂಲೆಯಲ್ಲಿ ಒಂದೂ ಇಲ್ಲ. ಗಲಾಟೆ ಮಾಡುತ್ತಾರೆ ಅಂತ ನಾನು ದಿನಾ ಬೈಯುತ್ತಿದ್ದ ಮಕ್ಕಳು ಕೂರುತ್ತಿದ್ದದ್ದು ಅಲ್ಲೇ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಪಿಜಿಸಿಇ ಅಂದರೆ ಇದೇ. ಹೆಚ್ಚಿನವು ಒಂದು ವರ್ಷದವು. ಅದರಲ್ಲಿ 120 ದಿನವಾದರೂ ಶಾಲೆಯಲ್ಲಿ, ಕಡಿಮೆ ಅಂದರೆ ಎರಡು ಬೇರೆ ಶಾಲೆಗಳಲ್ಲಿ ಕಳೆಯಬೇಕು. ನಡುನಡುವೆ ಯೂನಿವರ್ಸಿಟಿ, ಮಾಸ್ಟರ್ಸ್ ಮಟ್ಟದ ಅಸೈನ್‌ಮೆಂಟ್‌ಗಳು. ಟೀಚರ್ಸ್ ಸ್ಟ್ಯಾಂಡರ್ಡ್ಸ್ ಅಂತ ಎಂಟು ಮಾನದಂಡಗಳಿವೆ, ಎಂಟರಲ್ಲೂ ಪಾಸಾಗಬೇಕು. ಓದಿ ಪರೀಕ್ಷೆ ಬರೆದು ಪಾಸಾಗುವ ಅಭ್ಯಾಸ ನಮ್ಮದು. ಇಲ್ಲಿ ವಾರವಾರವೂ ಯಾರಾದರೂ ಹಿಂದೆ ಕೂತು ನಮ್ಮನ್ನು ನೋಡುತ್ತಿರುತ್ತಾರೆ. ಮೊದಲ ತಿಂಗಳು ಅತ್ತೆ ಮನೆಗೆ ಹೊಸದಾಗಿ ಹೋದ ಹಾಗೆ ಇರುತ್ತದೆ. ಏನು ಮಾಡಿದರೂ ಯಾರೋ ಗಮನಿಸುತ್ತಿದ್ದಾರೆ.

ಬೆಳಿಗ್ಗೆ ಏಳೂವರೆಗೆ ಶಾಲೆ. ಸಂಜೆ ಐದೂವರೆ. ರಾತ್ರಿ ಊಟ ಆದಮೇಲೆ ನಾಳೆಯ ಪಾಠದ ಪ್ಲಾನ್. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವಳನ್ನು ಮಲಗಿಸುವ ಕೆಲಸ ಪೂರ್ತಿ ಯಜಮಾನರದ್ದು. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. "ಒಂದು ವರ್ಷ ತಾನೇ" ಅಂತ ಹೇಳಿ ಶುರುಮಾಡಿ ಜನವರಿಯಲ್ಲಿ ಜಗಳ ಆಡಿದ ಮನೆಗಳನ್ನು ನೋಡಿದ್ದೇನೆ. ನಮ್ಮದೂ ಒಂದು.

ಎರಡನೇ ಶಾಲೆಯಲ್ಲಿ ನನಗೆ ಸಿಕ್ಕ ಮೆಂಟರ್‌ಗೆ ಪುರುಸೊತ್ತೇ ಇರಲಿಲ್ಲ. ವಾರಕ್ಕೊಮ್ಮೆ ಆಗಬೇಕಾದ ಮೀಟಿಂಗ್ ಕಾರಿಡಾರಿನಲ್ಲಿ ನಡೆಯುತ್ತಾ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ದೊಡ್ಡವರ ಮೇಲೆ ದೂರು ಹೇಳಬಾರದು ಅಂತ ಬೆಳೆದವರು ನಾವು. ಐದು ವಾರ ಸುಮ್ಮನಿದ್ದೆ. ಫೆಬ್ರವರಿಯಲ್ಲಿ ಬಿಟ್ಟುಬಿಡುವ ಪತ್ರವನ್ನೂ ಬರೆದಿಟ್ಟೆ. ಕೊನೆಗೆ ಯೂನಿವರ್ಸಿಟಿ ಟ್ಯೂಟರ್‌ಗೆ ಹೇಳಿದಾಗ ಅವರು ಬೈದದ್ದು ನನ್ನನ್ನೇ: ಮೊದಲ ವಾರವೇ ಯಾಕೆ ಹೇಳಲಿಲ್ಲ ಅಂತ. ಮೂರು ದಿನದಲ್ಲಿ ಬೇರೆ ಮೆಂಟರ್ ಸಿಕ್ಕರು. ನೀವು ಎರಡನೇ ವಾರಕ್ಕೇ ಹೇಳಿ. ಇಲ್ಲಿ ಅದನ್ನು ಯಾರೂ ಚಾಡಿ ಅಂದುಕೊಳ್ಳುವುದಿಲ್ಲ.

ಸಂಬಳ? 2025ರ ಸೆಪ್ಟೆಂಬರ್‌ನಿಂದ ಲಂಡನ್ ಕಡೆ ಬಿಟ್ಟು ಉಳಿದ ಕಡೆ ಹೊಸ ಟೀಚರ್‌ಗೆ ವರ್ಷಕ್ಕೆ 32,916 ಪೌಂಡ್‌ನಿಂದ ಶುರು, ಇನ್ನರ್ ಲಂಡನ್‌ನಲ್ಲಿ 40,317. ಐಟಿಯವರ ಜೊತೆ ಹೋಲಿಸಿದರೆ ಬೇಜಾರಾಗುತ್ತೆ, ಹೋಲಿಸಬೇಡಿ. ಪೆನ್ಷನ್ ಚೆನ್ನಾಗಿದೆ, ಮಕ್ಕಳಿಗೆ ರಜೆ ಇದ್ದಾಗ ನಿಮಗೂ ರಜೆ. ಕ್ಯೂಟಿಎಸ್ ಬಂದಮೇಲೆ ಎರಡು ವರ್ಷ ಇಂಡಕ್ಷನ್, ಅಂದರೆ ಹೊಸ ಟೀಚರ್‌ಗೆ ಬೆಂಬಲ ಕೊಟ್ಟು ಗಮನಿಸುವ ಅವಧಿ, ಇರುತ್ತದೆ. ಮೊದಲ ವರ್ಷ ಶೇ. 10ರಷ್ಟು ಪಾಠ ಕಡಿಮೆ ಕೊಡುತ್ತಾರೆ, ಎರಡನೇ ವರ್ಷ ಶೇ. 5. ನಮ್ಮ ಕಾಲಕ್ಕೆ ಅದು ಒಂದೇ ವರ್ಷ ಇತ್ತು.

ಈಗ ಆ ಉಪಯೋಗಕ್ಕೆ ಬಂದ ವರ್ಷದ ವಿಷಯ. 2012ರಲ್ಲಿ ನಾನು ಹತ್ತಿರದ ಸೆಕೆಂಡರಿ ಶಾಲೆಯೊಂದರಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಎಂ.ಎಸ್‌ಸಿ. ಮಾಡಿ ಇಂಥ ಕೆಲಸಾನಾ ಅಂತ ನಮ್ಮತ್ತೆ ಫೋನಿನಲ್ಲಿ ಕೇಳಿದರು. ಆದರೆ ದಿನಕ್ಕೆ ಐದು ಬೇರೆ ಬೇರೆ ಟೀಚರ್‌ಗಳ ಪಾಠದಲ್ಲಿ, ಹಿಂದಿನ ಸಾಲಿನಲ್ಲಿ, ಓದಲು ಕಷ್ಟಪಡುವ ಮಗುವಿನ ಪಕ್ಕ ಕೂರುತ್ತಿದ್ದೆ. ಒಬ್ಬರು ಬಾಯಿ ತೆರೆಯದೆ ಕ್ಲಾಸನ್ನು ಸುಮ್ಮನಾಗಿಸುತ್ತಿದ್ದರು, ಇನ್ನೊಬ್ಬರು ಕಿರುಚಿ ಕಿರುಚಿ ಗಂಟಲು ಹಾಳುಮಾಡಿಕೊಳ್ಳುತ್ತಿದ್ದರು. ಒಂದು ಮಗು "ಯಾರಿಗೂ ಹೇಳಬೇಡಿ ಮಿಸ್" ಅಂತ ಏನಾದರೂ ಹೇಳಲು ಬಂದರೆ, ಹೇಳುವುದಿಲ್ಲ ಅಂತ ಮಾತು ಕೊಡಬಾರದು, ಸೇಫ್‌ಗಾರ್ಡಿಂಗ್ (ಮಕ್ಕಳ ಸುರಕ್ಷತೆ) ನೋಡಿಕೊಳ್ಳುವವರಿಗೆ ಕೂಡಲೇ ತಿಳಿಸಬೇಕು ಅನ್ನುವುದೂ ಅಲ್ಲೇ ಗೊತ್ತಾದದ್ದು. ಪಿಜಿಸಿಇ ಇಂಟರ್‌ವ್ಯೂನಲ್ಲಿ ನನಗೆ ಕೇಳಿದ ಎರಡನೇ ಪ್ರಶ್ನೆ ಅದೇ.

ನಿಮ್ಮ ವೀಸಾದಲ್ಲಿ ಕೆಲಸ ಮಾಡಲು ಅಡ್ಡಿ ಇಲ್ಲ. ಹಾಗಾಗಿ ಈ ಟರ್ಮ್ ಮುಗಿಯುವುದರೊಳಗೆ ಮನೆ ಹತ್ತಿರದ ಎರಡು ಮೂರು ಶಾಲೆಗಳಿಗೆ ಈಮೇಲ್ ಬರೆಯಿರಿ. ಗಣಿತ ಟೀಚರ್ ಆಗಬೇಕು ಅಂತ ಯೋಚನೆ ಇದೆ, ಒಂದು ದಿನ ಗಣಿತದ ಪಾಠಗಳನ್ನು ನೋಡಲು ಬರಬಹುದಾ ಅಂತ. ಉದ್ದ ಬರೆಯಬೇಡಿ, ನಾಲ್ಕು ಸಾಲು ಸಾಕು. ಗಣಿತ ಅಂದ ಕೂಡಲೇ ಯಾರಾದರೂ ಉತ್ತರ ಕೊಡುತ್ತಾರೆ. ಹಾಫ್ ಟರ್ಮ್ ರಜೆಯ ಹಿಂದುಮುಂದಿನ ವಾರ ಬೇಡ, ಆಗ ಎಲ್ಲರೂ ಸುಸ್ತಾಗಿರುತ್ತಾರೆ. ಹೋದ ದಿನ ಒಂದು ಖಾಲಿ ಹಾಳೆ ತಗೊಂಡು ಹೋಗಿ, ಕ್ಲಾಸಿನ ಮೇಜುಗಳ ಚಿತ್ರ ಬರೆದುಕೊಂಡು, ಟೀಚರ್ ಯಾವ ಮೇಜಿಗೆ ಪ್ರಶ್ನೆ ಕೇಳಿದರೂ ಅಲ್ಲೊಂದು ಗೀಟು ಹಾಕಿ. ಸಂಜೆ ಆ ಹಾಳೆಯ ಫೋಟೋ ನನಗೆ ಕಳಿಸಿ. ಮಕ್ಕಳ ಹೆಸರು ಮಾತ್ರ ಬರೆಯಬೇಡಿ.