ಬೆಟ್ಟ ಎಲ್ಲಿಂದ ಶುರು?

ಓದುಗರ ಪತ್ರ: ‘ಸರ್ಕಾರ ವ್ಯಾಪಾರಕ್ಕೆ ತಲೆ ಹಾಕದೆ ದೂರ ಉಳಿದದ್ದರಿಂದಲೇ ಅಮೆರಿಕ ಶ್ರೀಮಂತವಾಯಿತು. ಅಲ್ಲಿನ ರೈಲು, ಉಕ್ಕು ಎಲ್ಲವೂ ಖಾಸಗಿಯವರ ಸಾಹಸ. ನೀವು ಮಾತ್ರ ಇದನ್ನು ಒಪ್ಪುವುದೇ ಇಲ್ಲ, ಯಾಕೆ?’
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನೀವು ರೈಲಿನ ಹೆಸರನ್ನೇ ಮೊದಲು ಎತ್ತಿದ್ದೀರಿ. ನಿಮ್ಮ ವಾದ ಜಾಸ್ತಿ ಅಲುಗಾಡುವುದೂ ಅಲ್ಲೇ.

ಪೆಸಿಫಿಕ್ ಸಾಗರದ ಕಡೆಯ ಕರಾವಳಿಯವರೆಗೆ ರೈಲು ಒಯ್ಯಲು 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಪೆಸಿಫಿಕ್ ರೈಲ್ವೆ ಕಾಯ್ದೆಯನ್ನೇ ನೋಡಿ. ಹಾಕಿದ ಹಳಿಗೆ ಮೈಲಿ ಲೆಕ್ಕದಲ್ಲಿ ಸರ್ಕಾರಿ ಬಾಂಡ್‌ಗಳ ಸಾಲ. ಬಯಲಲ್ಲಿ ಮೈಲಿಗೆ 16,000 ಡಾಲರ್, ಬೆಟ್ಟದಲ್ಲಿ 48,000. ಮೇಲಿಂದ ಪುಕ್ಕಟೆ ಜಮೀನು ಬೇರೆ. 1864ರ ತಿದ್ದುಪಡಿಯ ನಂತರ ಅದು ಮೈಲಿಗೆ 12,800 ಎಕರೆ.

ದರ ಮೂರು ಪಟ್ಟು ಆಗುತ್ತದೆ ಅಂದಮೇಲೆ ಬೆಟ್ಟ ಎಲ್ಲಿಂದ ಶುರು ಎನ್ನುವುದೂ ದುಡ್ಡಿನ ಪ್ರಶ್ನೆಯೇ, ಅಲ್ವಾ? ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಸುಮಾರು 7 ಮೈಲಿ ಆಚೆ ಆರ್ಕೇಡ್ ಎಂಬ ಹಳ್ಳವಿದೆ. ಸುತ್ತಲೂ ಬಯಲು. ಪಶ್ಚಿಮದಿಂದ ಹಳಿ ಹಾಕುತ್ತಿದ್ದ ಸೆಂಟ್ರಲ್ ಪೆಸಿಫಿಕ್ ಕಂಪನಿ ಮಾತ್ರ ಸಿಯೆರಾ ನೆವಾಡಾ ಪರ್ವತದ ಬುಡ ಅಲ್ಲೇ ಎಂದಿತು. ರಾಜ್ಯದ ಭೂವಿಜ್ಞಾನಿ ವಿಟ್ನಿಯೂ ಅದಕ್ಕೆ ದನಿಗೂಡಿಸಿದರು. ಲಿಂಕನ್ ಒಪ್ಪಿದರು. ಕಣ್ಣಿಗೆ ಕಾಣುವ ಬೆಟ್ಟ ಇನ್ನೂ ಎಷ್ಟೋ ಮೈಲಿ ಮುಂದಿತ್ತು!

ಪೂರ್ವದಿಂದ ಹಳಿ ಹಾಕುತ್ತಾ ಬಂದ ಯೂನಿಯನ್ ಪೆಸಿಫಿಕ್ಕಿನ ಕಥೆ ಇದಕ್ಕಿಂತ ಹೊಲಸು. ಕಂಪನಿಯ ದೊಡ್ಡವರೇ ಕ್ರೆಡಿಟ್ ಮೊಬಿಲಿಯೆ ಎಂಬ ಗುತ್ತಿಗೆ ಕಂಪನಿಯನ್ನು ಕೈಗೆ ತೆಗೆದುಕೊಂಡರು. ಬಾಯಿಗೆ ಬಂದ ದರ ಹಾಕಿ ತಮಗೆ ತಾವೇ ಬಿಲ್ ಪಾವತಿಸಿಕೊಂಡರು. ಸಂಸದರಿಗೆ ಅಗ್ಗದಲ್ಲಿ ಷೇರು ಹಂಚಿದ್ದೂ 1872ರಲ್ಲಿ ಬಯಲಾಯಿತು.

ಇನ್ನು ಉಕ್ಕು. ಹೊರಗಿನಿಂದ ಬರುವ ಉಕ್ಕಿನ ಹಳಿಗೆ 1870ರಲ್ಲಿ ಟನ್ನಿಗೆ 28 ಡಾಲರ್ ಸುಂಕ ಬಿತ್ತು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಪಿಟ್ಸ್‌ಬರ್ಗ್ ಬಳಿಯ ತಮ್ಮ ದೊಡ್ಡ ಕಾರ್ಖಾನೆಯಲ್ಲಿ ಹಳಿ ತಯಾರಿಸಲು ಶುರು ಮಾಡಿದ್ದು 1875ರಲ್ಲಿ, ಈ ಸುಂಕದ ಗೋಡೆಯ ಮರೆಯಲ್ಲಿ. ಅವರು ಖರ್ಚು ಇಳಿಸಿದ ಜಾಣ್ಮೆ ಸುಳ್ಳಲ್ಲ. ಆದರೆ ಇಂಗ್ಲೆಂಡಿನ ಹಳಿಯ ಎದುರು ಸರಿಸಮ ನಿಂತು ಗೆದ್ದರು ಎನ್ನಲಾಗದು.

ನಿಮ್ಮ ಪರವಾಗಿ ನಾನೇ ಒಬ್ಬ ಸಾಕ್ಷಿಯನ್ನು ಕೊಡುತ್ತೇನೆ: ರೈಲು ಉದ್ಯಮಿ ಜೇಮ್ಸ್ ಜೆ. ಹಿಲ್. ಅವರ ಗ್ರೇಟ್ ನಾರ್ದರ್ನ್ ರೈಲು 1893ರಲ್ಲಿ ಸಿಯಾಟಲ್ ಮುಟ್ಟಿತು. ಮಿನ್ನೆಸೋಟ ರಾಜ್ಯ ದಾಟಿದ ಮೇಲೆ ಸರ್ಕಾರದ ಜಮೀನು ಪಡೆಯದೆ ಹಾಕಿದ ದಾರಿ ಅದು. ಅದೇ ವರ್ಷದ ಆರ್ಥಿಕ ಕುಸಿತದಲ್ಲಿ ಯೂನಿಯನ್ ಪೆಸಿಫಿಕ್ ದಿವಾಳಿಯಾಯಿತು, ಹಿಲ್ ಕಂಪನಿ ನಿಂತಿತು. ಸರ್ಕಾರದ ದುಡ್ಡಿಗಾಗಿ ಅವಸರದಲ್ಲಿ ಹಾಕಿದ ಹಳಿಗಿಂತ, ಸರಕು ಸಿಗುವ ಕಡೆ ನೋಡಿಕೊಂಡು ಹಾಕಿದ ಹಳಿ ಗಟ್ಟಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹಿಲ್ ಮೊದಲು ಕೊಂಡದ್ದು ದಿವಾಳಿಯೆದ್ದಿದ್ದ ಒಂದು ಮಿನ್ನೆಸೋಟ ರೈಲ್ವೆಯನ್ನು. ಅದರ ಜೊತೆಗೆ ಸರ್ಕಾರ ಕೊಟ್ಟಿದ್ದ ಲಕ್ಷಾಂತರ ಎಕರೆ ಜಮೀನೂ ಬಂತು. ಅದನ್ನು ಮಾರಿದ ದುಡ್ಡೇ ಅವರ ಕೈ ಹಿಡಿಯಿತು.