ಟೆಂಡರ್ ಕರೆಯದೆ ಕಾಮಗಾರಿ ಕೊಟ್ಟರೆ ಅದು ಅಕ್ರಮವೇ? ಕೆಲಸ ಕೆಡುತ್ತದೆಯೇ?

ನಿಮ್ಮೂರಿನ ಸಮುದಾಯ ಭವನವನ್ನು ಟೆಂಡರ್ ಇಲ್ಲದೆ ನೇರವಾಗಿ ಒಂದು ಸರ್ಕಾರಿ ಸಂಸ್ಥೆಗೆ ವಹಿಸಿದ್ದಾರೆ ಅಂತ ಕೇಳಿದ್ದೀರಿ. ನಾನು ಹೊಸನಗರ ಕಡೆ ಸಣ್ಣಪುಟ್ಟ ಸಿವಿಲ್ ಕೆಲಸ ಮಾಡುವ ಗುತ್ತಿಗೆದಾರ. ಮಾತಿನಲ್ಲಿ ಒಂಚೂರು ಹೊಟ್ಟೆಯುರಿ ಕಂಡರೆ ಅದನ್ನು ಕಳೆದು ಓದಿಕೊಳ್ಳಿ.

ಟೆಂಡರ್ ಇಲ್ಲ ಅಂದ ಮಾತ್ರಕ್ಕೆ ಅಕ್ರಮ ಅಲ್ಲ. ನಮ್ಮ ರಾಜ್ಯದ 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ, ಕಾಮಗಾರಿಗಳಲ್ಲಿ ಪಾರದರ್ಶಕತೆ ಇರಬೇಕು ಅನ್ನುವ ಕಾಯ್ದೆ) ಟೆಂಡರ್ ಕಡ್ಡಾಯ ಮಾಡಿದೆ, ಆದರೆ ಅದರ 4ನೇ ಕಲಮಿನಲ್ಲೇ ವಿನಾಯಿತಿಗಳೂ ಇವೆ: ಪ್ರಕೃತಿ ವಿಕೋಪ, ತುರ್ತು, ಒಬ್ಬರ ಹತ್ತಿರ ಮಾತ್ರ ಸಿಗುವ ವಸ್ತು, ಚಿಕ್ಕ ಮೊತ್ತ. ನಮ್ಮವರ ಬಾಯಲ್ಲಿ ಸದಾ ಇರುವುದು 4(ಜಿ). ಇದರಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ನಿರ್ದಿಷ್ಟ ಕೆಲಸಕ್ಕೆ ವಿನಾಯಿತಿ ಕೊಡಬಹುದು. ಕೆಆರ್‌ಐಡಿಎಲ್‌ನಂಥ ಸಂಸ್ಥೆಗಳಿಗೆ (ಗ್ರಾಮೀಣ ಕಾಮಗಾರಿ ಮಾಡುವ ರಾಜ್ಯ ಸರ್ಕಾರದ ನಿಗಮ; ನಮ್ಮ ಹಿರಿಯರಿಗೆ ಅದು ಈಗಲೂ ಹಳೇ ಹೆಸರಿನ ಭೂಸೇನೆ) ನೇರವಾಗಿ ಕೆಲಸ ಹೋಗುವುದು ಹೀಗೆ. ಇಂಥದ್ದು ಅಪರೂಪಕ್ಕೆ ಮಾತ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಮೀರತ್ ನಗರಪಾಲಿಕೆ ಪ್ರಕರಣದಲ್ಲಿ ಹೇಳಿದೆ.

ಮಲೆನಾಡಿಗೆ ವಿನಾಯಿತಿ ಬೇಕೇ ಬೇಕು. ಜುಲೈನಲ್ಲಿ ಕಾಲುಸಂಕ ಕೊಚ್ಚಿಕೊಂಡು ಹೋದರೆ ಟೆಂಡರ್ ಮುಗಿಯುವ ತನಕ ಮಕ್ಕಳು ಹಳ್ಳದ ಆಚೆಯೇ ನಿಂತಿರೋಕಾಗಲ್ಲ ಅಲ್ವಾ? ಆದರೆ ಸಮುದಾಯ ಭವನಕ್ಕೆ ಎಂಥ ತುರ್ತು?

ತುರ್ತು ಇರುವುದು ಮಾರ್ಚ್ 31ಕ್ಕೆ. ಅನುದಾನ ಲ್ಯಾಪ್ಸ್ ಆಗಬಾರದು ಅಂತ ದುಡ್ಡನ್ನು ಸಂಸ್ಥೆಯ ಖಾತೆಗೆ ಹಾಕಿಬಿಟ್ಟರೆ ಲೆಕ್ಕದಲ್ಲಿ ಖರ್ಚಾದ ಹಾಗೆ. ಕೆಲಸ ಶುರುವಾಗುವುದು ಮೇ ಕೊನೆಗೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ನಮ್ಮ ಪಕ್ಕದೂರಿನಲ್ಲಿ ಹೀಗೇ ಒಂದು ಕಟ್ಟಡದ ಕಂಬದ ಕಬ್ಬಿಣ ಮಳೆಗಾಲ ಪೂರ್ತಿ ಬಯಲಲ್ಲಿ ನಿಂತಿತ್ತು. ದೀಪಾವಳಿ ಕಳೆದ ಮೇಲೆ ತುಕ್ಕನ್ನೂ ಉಜ್ಜದೆ ಅದಕ್ಕೇ ಕಾಂಕ್ರೀಟ್ ಸುರಿದರು.

ಇನ್ನೊಂದು, ಸಂಸ್ಥೆ ತಾನೇ ಗಾರೆ ಕಲಸುವುದು ಕಡಿಮೆ. ಕೆಲಸ ಸ್ಥಳೀಯ ಮೇಸ್ತ್ರಿಗೋ, ರಾಜಕೀಯದವರ ಪೈಕಿ ಯಾರಿಗೋ ಒಳಗೊಳಗೇ ಹೋಗುತ್ತದೆ. ಸಂಸ್ಥೆಯ ಸೇವಾ ಶುಲ್ಕ, ನಡುವಿನವರ ಪಾಲು ಕಳೆದು ಉಳಿದದ್ದರಲ್ಲಿ ಅವನು ಕಟ್ಟಬೇಕು. ಸೂರು ಸೋರಿದಾಗ ಹಿಡಿಯೋಣ ಅಂದರೆ ಕಾಗದದಲ್ಲಿ ಅವನ ಹೆಸರೇ ಇರಲ್ಲ. ಟೆಂಡರ್ ಆಗಿದ್ದರೆ ಕೊನೇ ಪಕ್ಷ ಗುತ್ತಿಗೆದಾರನ ಭದ್ರತಾ ಠೇವಣಿ ಇಲಾಖೆ ಕೈಯಲ್ಲಿ ಇರುತ್ತದೆ. ಎಸ್ಟಿಮೇಟಿಗಿಂತ ಕಡಿಮೆಗೆ ಯಾರಾದರೂ ಮಾಡ್ತಿದ್ದರಾ ಅನ್ನುವುದೂ ಗೊತ್ತಾಗುತ್ತದೆ.

ಹಾಗಂತ ಟೆಂಡರ್ ಕೆಲಸವೆಲ್ಲ ಗಟ್ಟಿ ಅಂತ ಅಲ್ಲ. ಕಾಲು ಭಾಗ ಕಡಿಮೆಗೆ ಬಿಡ್ ಹಾಕಿ ಆಮೇಲೆ ಸಿಮೆಂಟಿನಲ್ಲಿ ಉಳಿಸುವವರು ನಮ್ಮಲ್ಲೂ ಇದ್ದಾರೆ.

ಸುಮ್ನೆ ಗಲಾಟೆ ಮಾಡಬೇಡಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ; ಉತ್ತರ ಕೊಡಲು ಅವರಿಗೆ 30 ದಿನ ಇದೆ. ವಿನಾಯಿತಿ ಆದೇಶ, ಎಸ್ಟಿಮೇಟ್, ಹಣ ಬಿಡುಗಡೆಯಾದ ದಿನಾಂಕ ಮತ್ತು ಅಳತೆ ಪುಸ್ತಕದ (ಆದ ಕೆಲಸವನ್ನು ಅಳೆದು ಎಂಜಿನಿಯರ್ ದಿನಾಂಕದ ಸಮೇತ ಬರೆದಿಡುವ ಪುಸ್ತಕ) ಪ್ರತಿ ಕೇಳಿ. ಅಳತೆ ಪುಸ್ತಕ ಕೈಗೆ ಬಂದಾಗ ಮೊದಲು ಪಾಯದ ಪುಟ ನೋಡಿ. ಪಾಯ ತೋಡಿದ್ದು ಯಾವಾಗ ಅಂತ ಅಕ್ಕಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಅದಕ್ಕೂ ಮೊದಲೇ ಅಳತೆ ಬರೆದಿದ್ದರೆ ಆ ಪುಟದ ಸಮೇತ ಲೋಕಾಯುಕ್ತಕ್ಕೆ ದೂರು ಕೊಡಿ.