ಉಲ್ಲನ್ ಚೀಲ: ಈ ವರ್ಷ ಮೊದಲು ಬಿಚ್ಚುವ ಕೆಲಸ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಹೊಸ ವರ್ಷದ ಹೆಣಿಗೆಯ ಪಟ್ಟಿಗಳೇ. ಯಾರ ಪಟ್ಟಿಯೂ ಚಿಕ್ಕದಿಲ್ಲ. ನನ್ನದೂ ಇರಲಿಲ್ಲ ಬಿಡಿ, ಹೋದ ವರ್ಷದವರೆಗೆ.

ಪ್ರಶ್ನೆ: ಪ್ರತಿ ಜನವರಿಯಲ್ಲೂ ಏನೇನು ಹೆಣೆಯಬೇಕು ಅಂತ ಬರೆದಿಡುತ್ತೇನೆ. ಈ ವರ್ಷ 3 ಸ್ವೆಟರ್, 6 ಜೊತೆ ಕಾಲುಚೀಲ, ಒಂದು ಶಾಲು, ಒಂದು ಹೊದಿಕೆ. ದಿನಾ ಅರ್ಧ ಗಂಟೆ ಕೂರುತ್ತೇನೆ. ಆದರೂ ಮಾರ್ಚ್ ಬರುವಷ್ಟರಲ್ಲಿ ಪಟ್ಟಿ ಎಲ್ಲೋ, ನಾನೆಲ್ಲೋ. ಸೋಮಾರಿತನವೇ?

ಸೋಮಾರಿತನ ಅಲ್ಲ, ಲೆಕ್ಕದ ತಪ್ಪು. ಬನ್ನಿ, ಒಂದು ಸ್ವೆಟರಿನ ಬೆನ್ನಿನ ಭಾಗವನ್ನಷ್ಟೇ ಲೆಕ್ಕ ಹಾಕೋಣ. ಅಗಲ 50 ಸೆಂ.ಮೀ., ಉದ್ದ 60 ಸೆಂ.ಮೀ. ಇಟ್ಟುಕೊಳ್ಳಿ. 10 ಸೆಂ.ಮೀ.ಗೆ 22 ಕುಣಿಕೆ, 28 ಸಾಲು ಬರುವ ನೂಲಾದರೆ ಒಂದು ಸಾಲಿಗೆ 110 ಕುಣಿಕೆ, ಒಟ್ಟು 168 ಸಾಲು. ನನಗೆ ಒಂದು ಸಾಲಿಗೆ ಸುಮಾರು 5 ನಿಮಿಷ ಬೇಕು. ಗಡಿಯಾರ ಇಟ್ಟುಕೊಂಡೇ ನೋಡಿದ್ದೇನೆ. ಅಲ್ಲಿಗೆ ಬೆನ್ನಿಗೇ 14 ಗಂಟೆ. ಎದೆಯ ಭಾಗ ಇನ್ನೊಂದು 14. ಎರಡು ತೋಳು ಸೇರಿ ಹೆಚ್ಚುಕಡಿಮೆ ಅಷ್ಟೇ. 42 ಗಂಟೆ ಆಯಿತು, ಇನ್ನೂ ಜೋಡಿಸಿ ಹೊಲಿದಿಲ್ಲ, ಕುತ್ತಿಗೆ ಕಟ್ಟಿಲ್ಲ. ದಿನಕ್ಕೆ ಅರ್ಧ ಗಂಟೆ ಅಂದರೆ 84 ದಿನ. ನಿಮ್ಮ ಮೂರು ಸ್ವೆಟರಿಗೇ 252 ದಿನ ಹೋಯಿತು. ಕಾಲುಚೀಲ, ಶಾಲು, ಹೊದಿಕೆ ಎಲ್ಲ ಮಿಕ್ಕಿದ್ದರಲ್ಲಿ ಆಗಬೇಕು. ಅದೂ ಒಂದು ದಿನವೂ ನೆಂಟರು ಬರಬಾರದು, ಜ್ವರ ಬರಬಾರದು!

ಒಂದು ಸಾಲಿಗೆ ನಿಮಗೆಷ್ಟು ಹೊತ್ತು ಹಿಡಿಯುತ್ತದೆ, ಇವತ್ತೇ ನೋಡಿ. ಆಮೇಲೆ ಪಟ್ಟಿ ಬರೆಯಿರಿ. ಹೊದಿಕೆಯನ್ನು ಮಾತ್ರ ಈಗಲೇ ಹೊಡೆದುಹಾಕಿ. ಅದು ಒಂದು ವರ್ಷದ ಕೆಲಸ ಅಲ್ಲ, ನನ್ನ ಮಾತು ಕೇಳಿ.

ಪ್ರಶ್ನೆ: ಸ್ವೆಟರ್ ಶುರು ಮಾಡುವ ಮೊದಲು ಅಳತೆಗೆ ಅಂತ ಒಂದು ಚೌಕ ಹೆಣೆಯಲೇಬೇಕಾ? ನೂಲೂ ದಂಡ, ಒಂದು ಸಂಜೆಯೂ ದಂಡ ಅನ್ನಿಸುತ್ತದೆ.

ನಿಮಗೆ ನನ್ನ ನೀಲಿ ಸ್ವೆಟರಿನ ಕಥೆ ಹೇಳಬೇಕು.

ನಾನು ಚೌಕ ಹೆಣೆದಿದ್ದೆ. ಅಳೆದಾಗ 10 ಸೆಂ.ಮೀ.ಗೆ ಸರಿಯಾಗಿ 22 ಕುಣಿಕೆ. ಖುಷಿಯಲ್ಲಿ ಸುತ್ತಳತೆಗೆ 220 ಕುಣಿಕೆ ಇಟ್ಟುಕೊಂಡೆ, ಅಂದರೆ 100 ಸೆಂ.ಮೀ. ಆದರೆ ಚೌಕವನ್ನು ಕಡ್ಡಿಯಿಂದ ಇಳಿಸಿದ ಕೂಡಲೇ ಅಳೆದಿದ್ದೆ, ಒಗೆದಿರಲಿಲ್ಲ. ಅದು ಮಷಿನ್‌ಗೆ ಹಾಕಬಹುದಾದ ಉಣ್ಣೆ. ಆ ಜಾತಿಯ ನೂಲಿಗೆ ನೀರು ತಗುಲಿದರೆ ಹಿಗ್ಗುವ ಚಾಳಿ ಇದೆ. ಸ್ವೆಟರ್ ಮುಗಿಸಿ, ಒಗೆದು, ಒಣಗಿಸಿ ಅಳೆದರೆ 10 ಸೆಂ.ಮೀ.ಗೆ 20 ಕುಣಿಕೆ! ಅದೇ 220 ಈಗ 110 ಸೆಂ.ಮೀ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ದಿಂಬಿನ ಕವರಿನೊಳಗೆ ಹೊಕ್ಕ ಹಾಗಿತ್ತು. ಮಡಿಸಿ ಚೀಲದ ತಳಕ್ಕೆ ತುರುಕಿದೆ. ಎರಡು ವರ್ಷ ಆ ಕಡೆ ನೋಡಲಿಲ್ಲ.

ಚೌಕದಲ್ಲಿ ಎರಡೇ ಎರಡು ಕುಣಿಕೆಯ ವ್ಯತ್ಯಾಸ, ಸ್ವೆಟರಿನಲ್ಲಿ 10 ಸೆಂ.ಮೀ. ಹಾಗಾಗಿ ಹೆಣೆಯಲೇಬೇಕು. 30 ಕುಣಿಕೆಗಿಂತ ಕಡಿಮೆ ಹಾಕಬೇಡಿ, ಅಂಚಿನ ಕುಣಿಕೆಗಳು ಎಳೆದುಕೊಂಡಿರುತ್ತವೆ. ಸ್ವೆಟರನ್ನು ಮುಂದೆ ಹೇಗೆ ಒಗೆಯುತ್ತೀರೋ ಚೌಕವನ್ನೂ ಹಾಗೇ ಒಗೆಯಿರಿ. ಪೂರ್ತಿ ಒಣಗಿದ ಮೇಲೆ ನಡುವಿನ 10 ಸೆಂ.ಮೀ. ಮಾತ್ರ ಅಳೆಯಿರಿ. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿ, ಜಾಸ್ತಿ ಬಂದರೆ ದಪ್ಪ ಕಡ್ಡಿ ತಗೊಂಡು ಇನ್ನೊಂದು ಚೌಕ. ನೂಲು ದಂಡ ಅನ್ನಿಸಿದರೆ ಚೌಕವನ್ನು ಬಿಚ್ಚಿ ಮತ್ತೆ ಬಳಸಿ, ಯಾರೂ ಬೇಡ ಅನ್ನುವುದಿಲ್ಲ.

ಪ್ರಶ್ನೆ: ನಾನು ಹೆಣೆದ ಮಫ್ಲರ್ ಎರಡೂ ಬದಿಯಿಂದ ಸುರುಳಿ ಸುತ್ತಿ ಕೊಳವೆ ಆಗುತ್ತಿದೆ. ಇಸ್ತ್ರಿ ಮಾಡಿದರೆ ಸರಿಹೋಗುತ್ತದಾ?

ಇಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯ ಗುಣವೇ ಅದು, ನಿಮ್ಮ ತಪ್ಪಲ್ಲ. ಅಕ್ರಿಲಿಕ್ ನೂಲಾದರೆ ಇಸ್ತ್ರಿ ಹತ್ತಿರಕ್ಕೂ ತರಬೇಡಿ, ಬಿಸಿಗೆ ಕರಗಿ ಜೋಲುಬೀಳುತ್ತದೆ. ಮುಂದಿನ ಸಲ ಎರಡೂ ಅಂಚಿನ ನಾಲ್ಕೈದು ಕುಣಿಕೆಗಳನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಿರಿ. ಮೊದಲ ಆರೇಳು ಸಾಲು, ಕೊನೆಯ ಆರೇಳು ಸಾಲು ಕೂಡ ಪೂರ್ತಿ ಸೀದಾ.

ಪ್ರಶ್ನೆ: ಅಕ್ಕನಿಗೆ ಮೊನ್ನೆ ಮಗು ಹುಟ್ಟಿದೆ. ಸ್ವೆಟರ್ ಹೆಣೆಯಬೇಕು ಅಂತ ಆಸೆ. ನನ್ನ ಕೈ ನಿಧಾನ. ಮುಗಿಯುವಷ್ಟರಲ್ಲಿ ಮಗು ದೊಡ್ಡದಾಗಿಬಿಟ್ಟರೆ?

ಆಗೇ ಆಗುತ್ತದೆ, ಅದಕ್ಕೇ ಒಂದು ವರ್ಷದ ಮಗುವಿನ ಅಳತೆಗೆ ಹೆಣೆಯಿರಿ. ಈಗಿನ ಅಳತೆಗೆ ಬೇಕಿದ್ದರೆ ಒಂದು ಟೋಪಿ ಹೆಣೆಯಿರಿ, ಎರಡು ಮೂರು ದಿನದ ಕೆಲಸ.

ಸ್ವೆಟರನ್ನು ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಮಾದರಿ ಆರಿಸಿಕೊಳ್ಳಿ. ಆಮೇಲೆ ತೋಳು ಗಿಡ್ಡ ಆಯಿತು ಅಂದರೆ ತುದಿ ಬಿಚ್ಚಿ ಅಲ್ಲಿಂದಲೇ ಮುಂದುವರಿಸಬಹುದು. ಇದಕ್ಕಾಗಿ ಅದೇ ನೂಲಿನ ಒಂದು ಉಂಡೆ ಎತ್ತಿಡಿ. ಎಳೆ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಅದನ್ನು ಮಾತ್ರ ಮರೆಯಬೇಡಿ. ಕುತ್ತಿಗೆ ಬಿಗಿಯಾಗಿದ್ದರೆ ತೊಡಿಸುವಾಗ ಮಗು ಅತ್ತೂ ಅತ್ತೂ ಕೆಂಪಾಗುತ್ತದೆ, ನಿಮ್ಮ ಸ್ವೆಟರ್ ಬೀರು ಸೇರುತ್ತದೆ. ಮುಂಭಾಗ ಪೂರ್ತಿ ತೆರೆದುಕೊಳ್ಳುವ ಹಾಗಿದ್ದರೆ ಒಳ್ಳೆಯದು. ಗುಂಡಿಗಳನ್ನು ಎಳೆದು ನೋಡಿ, ಗಟ್ಟಿಯಾಗಿ ಹೊಲಿಯಿರಿ. ರೋಮ ಏಳುವ ನೂಲು ಬೇಡ, ಮಗುವಿನ ಬಾಯಿಗೆ ಹೋಗುತ್ತದೆ. ಮತ್ತೆ, ಕೈಯಲ್ಲೇ ಒಗೆಯಬೇಕಾದ ನೂಲನ್ನು ಹಸಿ ಬಾಣಂತಿಗೆ ಕೊಡುವುದು ಉಡುಗೊರೆ ಅಲ್ಲ, ಶಿಕ್ಷೆ.

ಪ್ರಶ್ನೆ: ಅರ್ಧ ಸ್ವೆಟರ್ ಆದಾಗ ನೂಲು ಮುಗಿಯಿತು. ಅದೇ ಕಂಪನಿ, ಅದೇ ಬಣ್ಣ ತಂದರೂ ಒಂದು ಚೂರು ಬೇರೆ ಕಾಣುತ್ತಿದೆ.

ಉಂಡೆಯ ಚೀಟಿಯಲ್ಲಿ ಬಣ್ಣದ ನಂಬರಿನ ಪಕ್ಕ ಇನ್ನೊಂದು ನಂಬರ್ ಇರುತ್ತದೆ, ಡೈ ಲಾಟ್ ಅಂತ. ಒಂದು ಸಲ ಬಣ್ಣಕ್ಕೆ ಅದ್ದಿದ ನೂಲಿಗೆಲ್ಲ ಅದು ಒಂದೇ. ನಿಮ್ಮದು ಬೇರೆ ಬೇರೆ ಆಗಿರಬೇಕು. ಒಂದು ಹತ್ತು ಸಾಲು ಬಿಚ್ಚಿ. ಅಲ್ಲಿಂದ ಎರಡು ಸಾಲು ಹಳೆಯ ನೂಲು, ಎರಡು ಸಾಲು ಹೊಸದು, ಹೀಗೆ ಬದಲಾಯಿಸುತ್ತಾ ಹೋಗಿ, ಆಮೇಲೆ ಪೂರ್ತಿ ಹೊಸದಕ್ಕೆ ಬನ್ನಿ. ಗೆರೆ ಎದ್ದು ಕಾಣುವುದಿಲ್ಲ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಲ್ಲ ಮೇಡಂ, ನಿಮ್ಮ ಪಟ್ಟಿಯಲ್ಲಿ ಏನಿದೆ?

ಕೇಳಬಾರದಿತ್ತು! ಹೋದ ವರ್ಷ 9 ಶುರು ಮಾಡಿದೆ, 4 ಮುಗಿಸಿದೆ. ಮಿಕ್ಕ ಐದರಲ್ಲಿ ಎರಡು ಬರೀ ಒಂಟಿ ಕಾಲುಚೀಲ. ಮೊದಲನೆಯದು ಮುಗಿದ ಕೂಡಲೇ ನನಗೆ ಉತ್ಸಾಹ ಇಳಿದುಹೋಗುತ್ತದೆ, ಅದೇ ಲೆಕ್ಕ ಮತ್ತೆ ಯಾರು ಹಾಕುತ್ತಾರೆ ಅಂತ. ಇನ್ನು ಮೇಲೆ ಒಂದೇ ಸರ್ಕ್ಯುಲರ್ ಕಡ್ಡಿಯಲ್ಲಿ, ಅಂದರೆ ಉದ್ದ ಕೇಬಲ್ಲಿನ ಎರಡೂ ಕೊನೆಗೆ ಕಡ್ಡಿಯ ತುದಿ ಇರುವಂಥದ್ದರಲ್ಲಿ, ಎರಡನ್ನೂ ಒಟ್ಟಿಗೆ ಹೆಣೆಯುತ್ತೇನೆ. ಮುಗಿದರೆ ಎರಡೂ ಮುಗಿಯಲಿ.

ಜನವರಿ 1ರ ಸಂಜೆ ಆ ನೀಲಿ ಸ್ವೆಟರನ್ನು ಚೀಲದಿಂದ ತೆಗೆದೆ. ಮೊದಲು ಜೋಡಿಸಿದ ಹೊಲಿಗೆ ಕತ್ತರಿಸಿದೆ. ನನ್ನದೇ ಹೊಲಿಗೆ, ಎಷ್ಟು ಅಚ್ಚುಕಟ್ಟಾಗಿ ಹಾಕಿದ್ದೆ ಅಂದರೆ ಹುಡುಕುವುದಕ್ಕೇ ಕನ್ನಡಕ ಬೇಕಾಯಿತು. ಆಮೇಲೆ ಮುಗಿಸಿದ ತುದಿ ಹಿಡಿದು ಎಳೆದೆ. ಆ ತುದಿಯಿಂದಲೇ ಎಳೆಯಬೇಕು, ಶುರುವಿನ ತುದಿಯಿಂದ ಹೊರಟರೆ ಪ್ರತಿ ಕುಣಿಕೆಯಲ್ಲೂ ಸಿಕ್ಕಿಕೊಳ್ಳುತ್ತದೆ. ಟರ್ ಟರ್ ಅಂತ ಸಾಲು ಸಾಲೇ ಬಿಚ್ಚಿಕೊಂಡು ಬಂತು. 14 ಗಂಟೆಯ ಬೆನ್ನು 20 ನಿಮಿಷಕ್ಕೆ ಮಾಯ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಮಜಾನೇ ಇತ್ತು.

ಬಿಚ್ಚಿದ ನೂಲು ಗುಂಗುರು ಕೂದಲಿನ ಹಾಗೆ ಇರುತ್ತದೆ. ಹಾಗೇ ಹೆಣೆದರೆ ಕುಣಿಕೆ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿದೆ, ನಾಲ್ಕು ಕಡೆ ದಾರದಿಂದ ಸಡಿಲವಾಗಿ ಕಟ್ಟಿದೆ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಅದುಮಿ ನೇತುಹಾಕಿದೆ. ಗುಂಗುರು ತಾನಾಗಿ ಇಳಿಯಿತು. ತೂಗಿದರೆ 430 ಗ್ರಾಂ.

ಆ 430 ಗ್ರಾಮಿನಲ್ಲಿ ಅದೇ ಸ್ವೆಟರ್, ಈ ಸಲ 200 ಕುಣಿಕೆಗೆ. ಜೊತೆಗೆ ಆ ಎರಡು ಒಂಟಿ ಕಾಲುಚೀಲಗಳಿಗೆ ಜೋಡಿ. ಇಷ್ಟೇ ನನ್ನ ಪಟ್ಟಿ. ಹೊಸ ಚೌಕ ಒಗೆದಾಗಿದೆ. ಇನ್ನೂ ತೇವ ಇದೆ, ನಾಳೆ ಅಳೆಯುತ್ತೇನೆ.